ಸ್ಪ್ರಿಂಗ್ ಕುತ್ತಿಗೆಯ ಮನುಷ್ಯ

ಕಾಡಪ್ಪನ ಕೈಗೆ ಒಂದು ಹಳೆಯ ಬೋಲ್ಟು ಸಿಕ್ಕರೆ ಅದು ಬೋಲ್ಟಾಗಿ ಉಳಿಯುತ್ತಿರಲಿಲ್ಲ, ಯಾರದೋ ಮೂಗಾಗುತ್ತಿತ್ತು. ಪೀಣ್ಯ ಎರಡನೇ ಹಂತದ ಒಂದು ಶೆಡ್ಡಿನಲ್ಲಿ ಅವನು ವೆಲ್ಡರ್. ಬಾಗಿಲಿನ ಕೀಲು, ಬೀರುವಿನ ಹಿಡಿಕೆ, ಬ್ರಾಕೆಟ್ಟು, ಇಂಥ ಸಣ್ಣಪುಟ್ಟ ಕಬ್ಬಿಣದ ಸಾಮಾನು ಮಾಡುವ ಕಾರ್ಖಾನೆ ಅದು. ಪಾಳಿಯಲ್ಲಿ ಕೀಲು ಬೆಸೆಯುವುದು ಹೊಟ್ಟೆಪಾಡು. ಊಟದ ಬಿಡುವಿನಲ್ಲಿ ಗುಜರಿ ರಾಶಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಮಂದಿಯ ಮುಖ ಬೆಸೆಯುವುದು ಅವನ ಖಯಾಲಿ. ಯಾರೂ ಹೇಳಿಕೊಟ್ಟದ್ದಲ್ಲ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅನ್ನುತ್ತಾರಲ್ಲ, ಕಾಡಪ್ಪನದಂತೂ ದಿನಾ ವೆಲ್ಡಿಂಗ್ ಕಿಡಿಯಲ್ಲಿ ಸುಟ್ಟುಕೊಂಡರೂ ಹೋಗಿರಲಿಲ್ಲ.

ಟಿ. ದಾಸರಹಳ್ಳಿಯಲ್ಲಿ ಅವನೂ ಅವನ ಹೆಂಡತಿ ಶೇಖವ್ವನೂ ಬಾಡಿಗೆಗಿದ್ದ ವಠಾರದ ಮಾಲಕಿ ಸೊಣ್ಣಮ್ಮ. ನೀರಿನ ನಲ್ಲಿಗೆ ಬೀಗ ಹಾಕಿ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವ ಹೆಂಗಸು. ಕಾಡಪ್ಪ ಸುಮ್ಮನಿರುತ್ತಾನೆಯೇ? ಒಂದು ತುಕ್ಕು ನಲ್ಲಿಗೆ ಮೊಳೆಯ ಕೈಕಾಲು ಬೆಸೆದು, ನಡುವಿಗೆ ಬೀಗದ ಕೈಗೊಂಚಲು ಕಟ್ಟಿ, ನಲ್ಲಿಯ ಬಾಯನ್ನು ಸೊಟ್ಟ ಮಾಡಿ ಕಿಟಕಿಯಲ್ಲಿಟ್ಟ. ಮಾರನೆಯ ದಿನ ಸೊಣ್ಣಮ್ಮ ಬಂದು ಅದನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ರೂಮು ಖಾಲಿ ಮಾಡಿ ಅನ್ನುತ್ತಾಳೆಂದು ಶೇಖವ್ವ ಮನಸ್ಸಿನಲ್ಲೇ ಗಂಟುಮೂಟೆ ಕಟ್ಟಿಯೂ ಆಗಿತ್ತು. ಸೊಣ್ಣಮ್ಮ ಬಿದ್ದು ಬಿದ್ದು ನಕ್ಕಳು. "ನಮ್ ಓರಗಿತ್ತಿ ಇದ್ದಂಗೇ ಐತೆ ಕಣಪ್ಪ. ಅದೇ ಸೊಟ್ಟ ಮೂತಿ. ಇದ ನಂಗೆ ಕೊಟ್ಬುಡು" ಎಂದು ಸೆರಗಿನಲ್ಲಿ ಸುತ್ತಿಕೊಂಡು ಹೋಗಿ ತನ್ನ ಟಿವಿಯ ಮೇಲೆ ಇಟ್ಟುಕೊಂಡಳು.

ಅಂದಿನಿಂದ ಕಾಡಪ್ಪನಿಗೆ ಒಂದು ಧೈರ್ಯ ಬಂತು. ಯಾರನ್ನು ಆಡಿಕೊಂಡರೂ ಅವರು ಅದನ್ನು ಪಕ್ಕದ ಮನೆಯವರ ತಲೆಗೆ ಕಟ್ಟುತ್ತಾರೆ, ತನಗೇನೂ ಆಗುವುದಿಲ್ಲ ಎಂದುಕೊಂಡ.

ಹಾಗಂತ ಅವನು ಗೊಂಬೆ ಮಾಡುತ್ತಿದ್ದುದು ಎಲ್ಲರನ್ನೂ ನಗಿಸುವುದಕ್ಕಲ್ಲ. ಅವನಿಗೆ ನಗಿಸಬೇಕಾಗಿದ್ದವನು ಒಬ್ಬನೇ, ನಿಂಗಪ್ಪ. ಇಬ್ಬರೂ ರೋಣದ ಕಡೆಯ ಒಂದೇ ಊರಿನವರು, ಒಂದೇ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಬೆಂಗಳೂರಿಗೆ ಬಂದವರು. ಕೆಲಸವೂ ಒಂದೇ ಶೆಡ್ಡಿನಲ್ಲಿ. ಮದುವೆಯಾಗುವ ತನಕ ಒಂದೇ ರೂಮು, ಒಂದೇ ಸ್ಟೌ. ಮದುವೆಯಾದ ಮೇಲೆ ರೂಮು ಬೇರೆಯಾಯಿತೇ ಹೊರತು ಬುತ್ತಿ ಬೇರೆಯಾಗಲಿಲ್ಲ. ಶೇಖವ್ವ ಬಡಿದ ಜೋಳದ ರೊಟ್ಟಿ, ನಿಂಗಪ್ಪನ ಹೆಂಡತಿ ದುರ್ಗವ್ವ ಮಾಡಿದ ಎಣ್ಣೆಗಾಯಿ. ಮಧ್ಯಾಹ್ನ ಶೆಡ್ಡಿನ ಮೆಟ್ಟಿಲ ಮೇಲೆ ಕೂತು ರೊಟ್ಟಿಯನ್ನು ಎರಡು ತುಂಡು ಮಾಡುವವನು ಯಾವಾಗಲೂ ಕಾಡಪ್ಪನೇ, ದೊಡ್ಡ ತುಂಡು ಯಾವುದೆಂದು ಜಗಳ ತೆಗೆಯುವವನೂ ಅವನೇ.

ನಿಂಗಪ್ಪನದು ಬೇರೆ ಜಾತಿಯ ಮೋರೆ. ಬೇಸಿಗೆಯಲ್ಲೂ ಕುತ್ತಿಗೆಗೆ ಮಫ್ಲರು, ಬರೆಯಲಿ ಬಿಡಲಿ ಕಿವಿಯ ಮೇಲೊಂದು ಪೆನ್ನು. ಅವನು ಹಲ್ಲು ಬಿಟ್ಟು ನಕ್ಕದ್ದನ್ನು ಕಂಡವರಿಲ್ಲ. ಯಾವ ಹೊಸ ಗೊಂಬೆ ಮಾಡಿದರೂ ಕಾಡಪ್ಪ ಮೊದಲು ಅವನ ಮುಂದೆ ಹಿಡಿದು ಅವನ ಮೀಸೆಯನ್ನೇ ನೋಡುತ್ತಿದ್ದ. ಮೀಸೆಯ ಎಡತುದಿ ಒಂದಿಷ್ಟು ಅದುರಿತೋ, ಗೊಂಬೆ ಪಾಸು. ಅದುರಲಿಲ್ಲವೋ, ಮತ್ತೆ ಗುಜರಿಗೆ.

ಪೀಣ್ಯದ ಕಾರ್ಖಾನೆಗಳಲ್ಲಿ ಆಯುಧಪೂಜೆ ಅಂದರೆ ಬರೀ ಕುಂಕುಮ ಹಚ್ಚಿ ಕುಂಬಳಕಾಯಿ ಒಡೆಯುವುದಲ್ಲ. ಒಂದೊಂದು ಸೆಕ್ಷನ್ನಿನವರೂ ತಮ್ಮ ತಮ್ಮ ಸ್ಪ್ಯಾನರು, ಬೇರಿಂಗು, ಚೈನುಗಳನ್ನೆಲ್ಲ ಜೋಡಿಸಿ ಏನಾದರೊಂದು ಆಕಾರ ನಿಲ್ಲಿಸಬೇಕು. ಲೇತಿನವರು ಪ್ರತಿವರ್ಷ ಗಣಪತಿ ಮಾಡುತ್ತಾರೆ, ಪ್ರೆಸ್ಸಿನವರು ನವಿಲು. ಯಜಮಾನರು ಹೆಂಡತಿ ಮಕ್ಕಳ ಜೊತೆ ಬಂದು ನೋಡಿ ಮೆಚ್ಚುತ್ತಾರೆ. ಮಾರನೆಯ ದಿನ ಬೋಲ್ಟು ಬಿಚ್ಚಿ ಸಾಮಾನೆಲ್ಲ ಅದರದರ ಜಾಗಕ್ಕೆ ಹೋಗುತ್ತದೆ. ಆ ಒಂದು ದಿನ ಯಾರು ಯಾರನ್ನು ಹೇಗೆ ಆಡಿಕೊಂಡರೂ ಮಾಫಿ. ಗೊಂಬೆ ಬಿಚ್ಚಿದಾಗ ಸಿಟ್ಟೂ ಬಿಚ್ಚಿಹೋಗುತ್ತದೆ ಎಂಬುದು ಅಲ್ಲಿನ ಲೆಕ್ಕ.

ಒಂದು ವರ್ಷ ಕಾಡಪ್ಪ ಆ ಮಾಫಿಯನ್ನು ನಂಬಿ ಯಜಮಾನರನ್ನೇ ಮಾಡಿಬಿಟ್ಟ. ಯಜಮಾನರು ಶಿವರಾಜ್, ದಾವಣಗೆರೆ ಕಡೆಯವರು, ಇಂಜಿನಿಯರು. ಹಣೆಯ ಮೇಲೆ ನೀಟಾದ ವಿಭೂತಿ, ಅದರ ಕೆಳಗೆ ಸದಾ ಬೊಬ್ಬೆ. ಅವರ ಕಾರು ಗೇಟಿಗೆ ಬರುವ ಮುಂಚೆ ಅವರ ದನಿ ಬರುತ್ತಿತ್ತು. ಕಾಡಪ್ಪ ಹಳೆಯ ಡ್ರಮ್ಮಿನ ಹೊಟ್ಟೆಗೆ ಲಾರಿಯ ಹಾರ್ನನ್ನೇ ಬಾಯಿಯಾಗಿ ಸಿಕ್ಕಿಸಿದ. ಹೊಟ್ಟೆ ಒತ್ತಿದರೆ ಇಡೀ ಶೆಡ್ಡು ಕಿವಿ ಮುಚ್ಚಿಕೊಳ್ಳಬೇಕು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಶಿವರಾಜರೂ ಹಲ್ಲು ಬಿಟ್ಟರು. ಅದು ನಗುವೋ ಹಲ್ಲು ಕಚ್ಚುವುದೋ ಎಂದು ಕಾಡಪ್ಪ ಹತ್ತಿರ ಹೋಗಿ ನೋಡಲಿಲ್ಲ.

ಹಬ್ಬ ಮುಗಿದ ಮೇಲೆ ಒಂದು ದಿನ ನಿಂಗಪ್ಪನಿಗೆ ಒಳಗಿನ ಗಾಜಿನ ಕೋಣೆಯಿಂದ ಕರೆ ಬಂತು. ಕಾಡಪ್ಪ ಮುಖದ ಮುಂದಿನ ಕಪ್ಪು ಗಾಜು ಸರಿಸಿ ನೋಡಿದ. ಶಿವರಾಜರ ಕೈ ಗಾಳಿಯಲ್ಲಿ ಹಾರಾಡುತ್ತಿದೆ. ಎದುರಿಗೆ ಕೈಕಟ್ಟಿ ನಿಂತ ನಿಂಗಪ್ಪನ ತಲೆ ಮೇಲೆ ಕೆಳಗೆ, ಮೇಲೆ ಕೆಳಗೆ ಆಡುತ್ತಲೇ ಇದೆ. ಅಷ್ಟು ಹೊತ್ತು ಒಬ್ಬ ಮನುಷ್ಯ ಹೌದು ಹೌದು ಅನ್ನುವುದನ್ನು ಕಾಡಪ್ಪ ಎಲ್ಲೂ ಕಂಡಿರಲಿಲ್ಲ. ಹೊರಗೆ ಬಂದ ನಿಂಗಪ್ಪ ವೆಲ್ಡಿಂಗ್ ಸೆಕ್ಷನ್ನಿನ ಸೂಪರ್‌ವೈಸರ್ ಆಗಿದ್ದ.

ಅಲ್ಲಿಂದ ಶುರುವಾಯಿತು. ಯಾರು ರಜೆ ಕೇಳಿದರೂ ನಿಂಗಪ್ಪನ ತಲೆ ಅಡ್ಡಡ್ಡ ಆಡತೊಡಗಿತು. ಭಾನುವಾರವೂ ಕೆಲಸ ಬಂತು. ಬುತ್ತಿಯನ್ನೇನೋ ಇಬ್ಬರೂ ಮೊದಲಿನಂತೆ ಹಂಚಿಕೊಂಡೇ ಉಣ್ಣುತ್ತಿದ್ದರು, ಆದರೆ ಶೇಖವ್ವನ ತಮ್ಮನ ಮದುವೆಗೆ ರಜೆ ಕೇಳಿದಾಗ ಅದೇ ರೊಟ್ಟಿ ಜಗಿಯುತ್ತ ನಿಂಗಪ್ಪ, "ಆಗಂಗಿಲ್ಲ" ಅಂದ. ಯಾಕೆಂದು ಕೇಳಿದರೆ ಮಫ್ಲರು ಸರಿಮಾಡಿಕೊಂಡ. ಶೇಖವ್ವ ಒಬ್ಬಳೇ ಬಸ್ಸು ಹತ್ತಿದಳು. ಕಾಡಪ್ಪನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಮೇಲಿನವರಿಗೆ ಹೌದು, ಕೆಳಗಿನವರಿಗೆ ಇಲ್ಲ, ಕುರ್ಚಿ ಸಿಕ್ಕೊಡನೆ ಕುತ್ತಿಗೆ ಹೀಗಾಗುತ್ತದೇನು ಎಂದು ಕುದಿದ. ಮುಂದಿನ ಆಯುಧಪೂಜೆಗೆ ಏನು ಮಾಡಬೇಕೆಂದು ಆಗಲೇ ನಿಶ್ಚಯವಾಗಿ ಹೋಯಿತು.

ಆ ಗೊಂಬೆಯನ್ನು ಮಾತ್ರ ಅವನು ನಿಂಗಪ್ಪನ ಮುಂದೆ ಹಿಡಿಯಲಿಲ್ಲ. ಗೋಣಿಚೀಲದಡಿ ಮುಚ್ಚಿಟ್ಟು ಮುಚ್ಚಿಟ್ಟು ಮಾಡಿದ. ಮೈಗೆ ಪೈಪು, ಹೊಟ್ಟೆಯ ಮೇಲೆ ಕಟ್ಟಿಕೊಂಡ ಸ್ಪ್ಯಾನರಿನ ಕೈಗಳು, ಮೀಸೆಗೆ ತಂತಿಬ್ರಷ್ಷು, ಕುತ್ತಿಗೆಗೆ ಹಳೆಯ ಪ್ರೆಸ್ಸಿನ ಸ್ಪ್ರಿಂಗು. ತಲೆಯ ಮೇಲೊಂದು ಸರಪಳಿ, ಅದರ ತುದಿಗೆ ಯಜಮಾನರ ಕೈಯಲ್ಲಿರುವಂಥ ದಪ್ಪ ಪೆನ್ನು. ಅದನ್ನೆಳೆದರೆ ತಲೆ ಹೌದು ಹೌದು ಅನ್ನುತ್ತಿತ್ತು. ಕಾಲಿನ ಹತ್ತಿರ ಇನ್ನೊಂದು ಸರಪಳಿ, ಅದರ ತುದಿಗೆ ಸುಟ್ಟ ಕೈಗವಸು. ಅದನ್ನೆಳೆದರೆ ತಲೆ ಇಲ್ಲ ಇಲ್ಲ ಅನ್ನುತ್ತಿತ್ತು. ಕೊನೆಗೆ ಎಣ್ಣೆ ಒರೆಸುವ ವೇಸ್ಟ್ ಬಟ್ಟೆಯನ್ನು ಮಫ್ಲರಿನಂತೆ ಸುತ್ತಿ, ಕಿವಿಯ ಮೇಲೊಂದು ಸಣ್ಣ ಪೆನ್ನು ಸಿಕ್ಕಿಸಿದ. ಇನ್ನೂ ಗುರುತು ಸಿಗದವನು ಆ ಶೆಡ್ಡಿನಲ್ಲಿ ಕುರುಡನೇ ಆಗಿರಬೇಕಿತ್ತು.

ಚಂದ ಮೂಡಿಬಂದದ್ದೇ ಎಡವಟ್ಟಾಯಿತು. ಕೆಲಸದ ಮೇಲಿನ ಮೋಹಕ್ಕೆ, ಸಿಟ್ಟಿಗೂ ಅನ್ನಿ, ಕಾಡಪ್ಪ ಈ ಸಲ ಬೋಲ್ಟು ಹಾಕಲಿಲ್ಲ. ಎಲ್ಲ ಕೀಲಿಗೂ ವೆಲ್ಡಿಂಗ್ ಹೊಡೆದ.

ಪೂಜೆಯ ದಿನ ಮಂಗಳಾರತಿ ತಟ್ಟೆ ಹಿಡಿದು ಮುಂದೆ ನಡೆಯುವವನು ಸೂಪರ್‌ವೈಸರ್. ನಿಂಗಪ್ಪ ಒಂದೊಂದೇ ಯಂತ್ರಕ್ಕೆ ಕುಂಕುಮ ಇಡುತ್ತ ಬಂದು ಗೊಂಬೆಯ ಮುಂದೆ ನಿಂತ. ಅಷ್ಟರಲ್ಲಿ ಶಿವರಾಜರು ಮೇಲಿನ ಸರಪಳಿ ಎಳೆದರು. ಅವರ ಮಗಳು ಕಾವ್ಯಾ ಕೆಳಗಿನದನ್ನು ಎಳೆದಳು. ಗೊಂಬೆ ಹೌದು ಅಂದಿತು, ಇಲ್ಲ ಅಂದಿತು, ಶೆಡ್ಡು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಶಿವರಾಜರು. ತನ್ನ ಎಲೆಯಲ್ಲಿ ಕತ್ತೆ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣವೇ ಕಾಣುವುದು ಅಂತಾರಲ್ಲ, ಸರಪಳಿಗೆ ಕಟ್ಟಿದ ಪೆನ್ನು ಯಾರದೆಂದು ಅವರು ನೋಡಲೇ ಇಲ್ಲ. ಕಾಡಪ್ಪ ಅಭ್ಯಾಸಬಲದಿಂದ ನಿಂಗಪ್ಪನ ಮೀಸೆ ನೋಡಿದ. ಅದುರಲಿಲ್ಲ. ನಿಂಗಪ್ಪ ಯಂತ್ರಗಳಿಗೆ ಇಟ್ಟಂತೆಯೇ ಗೊಂಬೆಯ ಹಣೆಗೂ ನೆಟ್ಟಗೆ ಕುಂಕುಮವಿಟ್ಟು ಮುಂದಿನ ಯಂತ್ರಕ್ಕೆ ಹೋದ.

ಅಷ್ಟಕ್ಕೇ ಮುಗಿದಿದ್ದರೆ ಹಬ್ಬದ ಲೆಕ್ಕದಲ್ಲಿ ಚುಕ್ತಾ ಆಗುತ್ತಿತ್ತು. ಆದರೆ ಕಾವ್ಯಾ ಚಿತ್ರಕಲೆ ಓದುವ ಹುಡುಗಿ. ಬಿಚ್ಚಬೇಡಿ ಎಂದು ಅಪ್ಪನ ಬೆನ್ನು ಹತ್ತಿದಳು. ವೆಲ್ಡಿಂಗ್ ಹೊಡೆದದ್ದನ್ನು ಬಿಚ್ಚುವುದಾದರೂ ಹೇಗೆ? ಗೊಂಬೆ ಹೋಗಿ ಹಾಜರಿ ಗಡಿಯಾರದ ಪಕ್ಕದಲ್ಲಿ ನಿಂತಿತು. ಬೆಳಿಗ್ಗೆ ಕಾರ್ಡು ಒತ್ತುವವರೆಲ್ಲ ಒಂದು ಸಲ ಸರಪಳಿ ಎಳೆದು ಒಳಗೆ ಹೋಗುವುದು ರೂಢಿಯಾಯಿತು. ನಿಂಗಪ್ಪನೂ ದಿನಾ ತನ್ನ ಪಕ್ಕದಲ್ಲೇ ಹಾದು ಒಳಗೆ ಬರಬೇಕಾಯಿತು. ಒಂದು ದಿನದ ತಮಾಷೆ ವಾರವಾಯಿತು, ತಿಂಗಳಾಯಿತು. ನಕ್ಕವರಿಗೆ ತಾವೇಕೆ ನಗುತ್ತಿದ್ದೇವೆಂಬುದೂ ಮರೆತಿತ್ತು, ಆದರೂ ಎಳೆಯುತ್ತಿದ್ದರು.

ನಿಂಗಪ್ಪ ಮೆಟ್ಟಿಲಿಗೆ ಬರುವುದನ್ನು ಬಿಟ್ಟ. ಸ್ಟೋರಿನಲ್ಲಿ ಒಬ್ಬನೇ ಕೂತು ಉಣ್ಣತೊಡಗಿದ. ಕೆಲಸದ ಮಾತಿಗೆ ಕೆಲಸದ ಮಾತು, ಒಂದಕ್ಷರ ಜಾಸ್ತಿಯಿಲ್ಲ. ಕಾಡಪ್ಪ ಮೊದಮೊದಲು, "ಸೂಪರ್‌ವೈಸರ್ ಸಾಹೇಬರಿಗೆ ಸಿಟ್ಟು ಬಂದೈತಿ" ಎಂದು ನಗಾಡಿದ. ಆಮೇಲೆ ನಗಾಡುವುದಕ್ಕೂ ಜೊತೆಗಾರ ಬೇಕೆಂದು ಗೊತ್ತಾಯಿತು. ರೊಟ್ಟಿ ಎರಡು ತುಂಡು ಮಾಡುವುದು, ಒಂದು ತುಂಡು ಡಬ್ಬಿಯಲ್ಲೇ ಉಳಿಯುವುದು. ಸಂಜೆ ಅದನ್ನು ನೋಡಿಯೂ ಶೇಖವ್ವ ಮಾರನೆಯ ದಿನ ಅಷ್ಟೇ ರೊಟ್ಟಿ ಕಟ್ಟುತ್ತಿದ್ದಳು. ಅವನಿಗೆ ಊಟ ಸೇರದಾಯಿತು. ಹೊಸ ಗೊಂಬೆ ಮಾಡಲು ಕೈಯೂ ಓಡಲಿಲ್ಲ, ಮಾಡಿ ಯಾರ ಮೀಸೆ ನೋಡಬೇಕು?

ಗೊಂಬೆ ವಾಪಸು ಕೊಡಿ ಎಂದು ಕೇಳಲು ಕೊನೆಗೂ ಅವನು ಕಾವ್ಯಾಳ ಹತ್ತಿರ ಹೋದ. ಬಣ್ಣ ಹೊಡೆಯಲು ಕೇಳುತ್ತಿದ್ದಾನೆಂದು ಅವಳು ತಿಳಿದಳು. ತುಕ್ಕೇ ಚೆನ್ನಾಗಿದೆ, ಮುಟ್ಟಬೇಡಿ ಅಣ್ಣ ಅಂದಳು. ಅಲ್ಲದೆ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪ್ಯೂಟರ್ ಕಂಪನಿಯವರು ನಗಿಸುವ ಕಲಾಕೃತಿಗಳ ಪ್ರದರ್ಶನ ಇಟ್ಟಿದ್ದಾರೆ, ಗೊಂಬೆ ಅಲ್ಲಿಗೆ ಹೋಗುತ್ತಿದೆ, ನೀವೂ ಬರಬೇಕು ಎಂದೂ ಸೇರಿಸಿದಳು. ಸಾಮಾನು ಹೊರಗೆ ಕಳಿಸುವುದು ಸೂಪರ್‌ವೈಸರನ ಜವಾಬ್ದಾರಿ. ಹೀಗಾಗಿ ಒಂದು ಬೆಳಿಗ್ಗೆ ಟೆಂಪೋ ಹೊರಟಿತು. ಹಿಂದುಗಡೆ ಒಂದು ಬದಿಗೆ ಕಾಡಪ್ಪ, ಇನ್ನೊಂದು ಬದಿಗೆ ನಿಂಗಪ್ಪ, ನಡುವೆ ಇನ್ನೊಬ್ಬ ನಿಂಗಪ್ಪ. ಹೊಸೂರು ರಸ್ತೆಯ ಗುಂಡಿ ಬಂದಾಗಲೆಲ್ಲ ಗೊಂಬೆ ಹೌದು ಹೌದು ಅನ್ನುವುದು, ಬೀಳದಂತೆ ನಿಂಗಪ್ಪ ಅದನ್ನು ತಬ್ಬಿಹಿಡಿಯುವುದು. ದಾರಿಯುದ್ದಕ್ಕೂ ಮಾತಾಡಿದ್ದು ಆ ಸ್ಪ್ರಿಂಗೊಂದೇ.

ಆ ಕಂಪನಿಯ ಹಾಲ್‌ನ ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ಬಾಗಿಲಲ್ಲಿ ಒಂದು ಜೊತೆ ಹವಾಯಿ ಚಪ್ಪಲಿ ಕಂಡು ಕಾಡಪ್ಪ ತನ್ನದನ್ನೂ ಅದರ ಪಕ್ಕದಲ್ಲೇ ಬಿಟ್ಟ. ಮೊದಲೇ ಇದ್ದ ಆ ಜೊತೆ ನಿಜವಾದ ಚಪ್ಪಲಿಯಲ್ಲ, ಅಮೃತಶಿಲೆಯಲ್ಲಿ ಕೆತ್ತಿದ ಕಲಾಕೃತಿ. ಆಮೇಲೆ ನೋಡಿದರೆ ಇಬ್ಬರು ಅವನ ಉಂಗುಟ ಕಿತ್ತುಹೋದ ಚಪ್ಪಲಿಯ ಮುಂದೆಯೂ ಗಲ್ಲಕ್ಕೆ ಕೈಕೊಟ್ಟು ನಿಂತಿದ್ದರು. ಒಳಗೆ ಪ್ಲಾಸ್ಟಿಕ್ ಕೊಡಗಳಿಂದ ಮಾಡಿದ ಸಿಂಹಾಸನವಿತ್ತು, ಕೂರಲು ಹೋದರೆ ಚುಚ್ಚುವ ಸರ್ಕಾರಿ ಕುರ್ಚಿಯಿತ್ತು. ಆದರೆ ಜನ ಮುತ್ತಿಕೊಂಡದ್ದು ಸ್ಪ್ರಿಂಗ್ ಕುತ್ತಿಗೆಯನ್ನೇ. ಟೈ ಕಟ್ಟಿದ ಹುಡುಗರು ಸರಪಳಿ ಎಳೆದು, "ಲೋ ಮಗಾ, ನಮ್ಮ ಮ್ಯಾನೇಜರ್ ಕಣೋ" ಎಂದು ಪಿಸುಗುಟ್ಟಿದರು. ಸ್ವಲ್ಪ ಹೊತ್ತಿಗೆ ಬಂದ ಮ್ಯಾನೇಜರು ಅದನ್ನೆಳೆದು ತಮ್ಮ ಮೇಲಿನವರ ಹೆಸರು ಹೇಳಿ ನಕ್ಕರು. ನಿಂಗಪ್ಪ ಗೋಣಿಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ಗೋಡೆಗೆ ಆತು ನಿಂತಿದ್ದ. ಕುತ್ತಿಗೆಯಲ್ಲಿ ಮಫ್ಲರು, ಕಿವಿಯ ಮೇಲೆ ಪೆನ್ನು. ಒಬ್ಬಳು ಹುಡುಗಿ ಗೊಂಬೆಯನ್ನೂ ಅವನನ್ನೂ ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು. ಅದನ್ನು ಕಂಡ ಕಾಡಪ್ಪ ಮೊದಲ ಸಲ ತನ್ನ ಗೊಂಬೆಯಿಂದ ಕಣ್ಣು ಹೊರಳಿಸಿದ.

ಅಷ್ಟರಲ್ಲಿ ಶಿವರಾಜರು ಬಂದವರಿಗೆಲ್ಲ ಗೊಂಬೆಯ ಕತೆ ಹೇಳತೊಡಗಿದರು. ತಮ್ಮ ಹಾರ್ನು ಗೊಂಬೆಯ ಕತೆಯನ್ನು ಈಗ ಅವರೇ ದೊಡ್ಡ ಜೋಕಾಗಿ ಮಾಡಿಕೊಂಡಿದ್ದರು.

"ನಿಜ ಹೇಳ್ಬೇಕಂದ್ರೆ ಹೋದ ವರ್ಷ ನನ್ನನ್ನೇ ಹಾರ್ನ್ ಗೊಂಬೆ ಮಾಡಿದ್ದಕ್ಕೆ ಈ ಆರ್ಟಿಸ್ಟ್‌ನ ಕೆಲಸದಿಂದ ತೆಗೆದೇಬಿಟ್ಟಿದ್ದೆ ಕಣ್ರೀ" ಎಂದರು. "ನೋಡಿ, ಅಲ್ಲಿ ನಿಂತಿದ್ದಾನಲ್ಲ ನಮ್ಮ ಸೂಪರ್‌ವೈಸರ್, ಅವನು ಬಿಡ್ಲಿಲ್ಲ. ಇವನ ಜವಾಬ್ದಾರಿ ನೀನೇ ಹೊರ್ತೀಯಾ ಅಂದೆ, ಹೂಂ ಅಂದ. ಭಾನುವಾರನೂ ಸೆಕ್ಷನ್ ನಡೆಸ್ತೀಯಾ ಅಂದೆ, ಹೂಂ. ಒಬ್ರಿಗೂ ರಜ ಕೊಡಬಾರದು ಅಂದೆ, ಅದಕ್ಕೂ ಹೂಂ. ಏನು ಹೇಳಿದ್ರೂ ತಲೆ ಆಡಿಸ್ದ. ಅವತ್ತು ಅವನು ಹಂಗೆ ತಲೆ ಆಡಿಸದೇ ಇದ್ದಿದ್ರೆ ಇವತ್ತು ಈ ಆರ್ಟ್ ಎಲ್ಲಿರೋದು ಹೇಳಿ?"

ಎಲ್ಲರೂ ನಕ್ಕರು. ಗಾಜಿನ ಕೋಣೆಯಲ್ಲಿ ಕಂಡ ಆ ತಲೆ ಕಾಡಪ್ಪನ ಸಲುವಾಗಿಯೇ ಆಡುತ್ತಿತ್ತು. ಅದನ್ನು ಅವನು ಸ್ಪ್ರಿಂಗು ಹಾಕಿ, ಬೆಸೆದು, ಬೆಂಗಳೂರಿನ ಈ ತುದಿಯಿಂದ ಆ ತುದಿಗೆ ತಂದು ಊರಿಗೆಲ್ಲ ಎಳೆಯಲು ಕೊಟ್ಟಿದ್ದ. ಗೋಡೆಯ ಕಡೆ ತಿರುಗಿ ನೋಡುವ ಧೈರ್ಯ ಬರಲಿಲ್ಲ.

ಗೊಂಬೆಯನ್ನು ತಮ್ಮ ಹಾಲ್‌ನಲ್ಲೇ ಉಳಿಸಿಕೊಳ್ಳುತ್ತೇವೆಂದು ಕಂಪನಿಯವರು ಹೇಳಿದರು. ಹೊರಡುವಾಗ ಕಾಡಪ್ಪ ಎಲ್ಲರ ಎದುರಿಗೇ ಹೋಗಿ ಗೊಂಬೆಯ ಕುತ್ತಿಗೆಯ ವೇಸ್ಟ್ ಬಟ್ಟೆಯನ್ನು ಬಿಚ್ಚಿದ, ಕಿವಿಯ ಮೇಲಿನ ಪೆನ್ನನ್ನೂ ತೆಗೆದು ಜೇಬಿಗಿಟ್ಟುಕೊಂಡ. ಕಾವ್ಯಾ ಗಾಬರಿಯಿಂದ, ಯಾಕಣ್ಣ ಅದೇ ಚೆನ್ನಾಗಿತ್ತಲ್ಲ ಅಂದಳು.

"ಇದು ಬ್ಯಾರೆಯವರದು ರೀ. ಕೇಳದ ತಗೊಂಡಿದ್ದೆ" ಅಂದ ಕಾಡಪ್ಪ.

ವಾಪಸು ಬರುವಾಗ ಟೆಂಪೋದಲ್ಲಿ ನಡುವೆ ಗೊಂಬೆಯಿರಲಿಲ್ಲ, ಆದರೂ ಇಬ್ಬರೂ ಎರಡು ಬದಿಗೇ ಕೂತರು. ಬಹಳ ದೂರ ಬಂದ ಮೇಲೆ ಕಾಡಪ್ಪ ಬಾಯಿಬಿಟ್ಟ.

"ನಿಂಗ್ಯಾ, ಯಾಕ ಹೇಳಲಿಲ್ಲೋ ನನಗ?"

ನಿಂಗಪ್ಪ ರಸ್ತೆಯನ್ನೇ ನೋಡುತ್ತಿದ್ದ. "ಹೇಳಿದ್ರ ಅದನ್ನೂ ಗೊಂಬಿ ಮಾಡತಿದ್ದಿ" ಅಂದ.

ಕಾಡಪ್ಪನಿಗೆ ಸಂಕಟವಾದದ್ದು ಬೈಗುಳಕ್ಕಲ್ಲ, ಆ ಮಾತು ನಿಜವಾಗಿದ್ದುದಕ್ಕೆ. ತಪ್ಪಾಯಿತು ಅನ್ನಬೇಕೆಂದು ಎಷ್ಟೋ ದಿನ ಸ್ಟೋರಿನ ಬಾಗಿಲ ತನಕ ಹೋದ. ಜೀವಮಾನವಿಡೀ ಚೇಷ್ಟೆ ಮಾಡಿದ ಬಾಯಿಗೆ ಆ ಒಂದು ಮಾತು ಬರಲಿಲ್ಲ, ಬಂದಿದ್ದರೂ ಅದೂ ಚೇಷ್ಟೆಯಂತೆಯೇ ಕೇಳಿಸುತ್ತಿತ್ತೋ ಏನೋ. ರೊಟ್ಟಿಯ ಅರ್ಧ ತುಂಡು ಡಬ್ಬಿಯಲ್ಲಿ ಹೋಗಿ ಡಬ್ಬಿಯಲ್ಲೇ ಬರುತ್ತಿತ್ತು.

ಮತ್ತೆ ಆಯುಧಪೂಜೆ ಹತ್ತಿರ ಬಂತು. ಈ ಸಲ ನಮ್ಮ ಸೆಕ್ಷನ್ನಿನಿಂದ ಗೊಂಬೆ ಇಲ್ಲ, ನನ್ನ ಕೈಲಿ ಆಗುವುದಿಲ್ಲ ಎಂದು ಅವನು ಮನೆಯಲ್ಲಿ ಹೇಳಿದ. ಶೇಖವ್ವ ಹಿಟ್ಟು ನಾದುತ್ತಿದ್ದಳು. ತಲೆಯೆತ್ತದೆ ಅಂದಳು:

"ಊರ ಮಂದಿ ಮಾರಿ ಎಲ್ಲಾ ಮಾಡಿ ಮುಗಿಸಿದ್ರಿ. ನಿಮ್ಮ ಮಾರಿ ಒಂದು ಉಳದೈತಿ ನೋಡ್ರಿ."

ಕಾಡಪ್ಪ ರಾತ್ರಿ ಊಟಕ್ಕೆ ಕೂತಾಗ ಸುಮ್ಮಸುಮ್ಮನೆ ಕನ್ನಡಿ ನೋಡಿಕೊಂಡದ್ದನ್ನು ಅವಳು ಕಂಡೂ ಕಾಣದಂತಿದ್ದಳು.

ಹಬ್ಬದ ಬೆಳಿಗ್ಗೆ ಗುಜರಿ ರಾಶಿಯ ಮುಂದೆ ಹೊಸ ಗೊಂಬೆ ನಿಂತಿತ್ತು. ಕಡ್ಡಿಯಂಥ ಕಾಲು, ಕಡ್ಡಿಯಂಥ ಕೈ. ಕಣ್ಣಿಲ್ಲ, ಕಿವಿಯಿಲ್ಲ. ತಲೆಯ ಜಾಗದಲ್ಲಿ ಶೆಡ್ಡಿನಲ್ಲೇ ದೊಡ್ಡದಾದ ಬೆಂಚ್ ವೈಸು, ಹಿಡಿಕೆ ತಿರುವಿದರೆ ಬಿಗಿಯಾಗಿ ಸಾಮಾನು ಕಚ್ಚುವಂಥದ್ದು. ಅದರ ಬಾಯನ್ನು ತೆಗೆಯುವಷ್ಟೂ ತೆಗೆದಿಟ್ಟಿದ್ದ. ಆ ಮನುಷ್ಯನಲ್ಲಿ ಬಾಯೊಂದನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ಯಾರೆಂದು ಹೇಳಲು ಅದರ ಕೊರಳಿಗೆ ಕಾಡಪ್ಪ ತನ್ನದೇ ವೆಲ್ಡಿಂಗಿನ ಕಪ್ಪು ಗಾಜನ್ನು ನೇತುಹಾಕಿದ್ದ. ಎಲ್ಲ ಕೀಲಿಗೂ ಬೋಲ್ಟೇ ಇತ್ತು, ಒಂದು ಚುಕ್ಕೆ ವೆಲ್ಡಿಂಗ್ ಇರಲಿಲ್ಲ.

ನಿಂಗಪ್ಪ ತಟ್ಟೆ ಹಿಡಿದು ಯಂತ್ರದಿಂದ ಯಂತ್ರಕ್ಕೆ ಬಂದ. ಹಿಂದೆ ಶಿವರಾಜರು, ಕಾವ್ಯಾ, ಇಡೀ ಶೆಡ್ಡು. ಗೊಂಬೆ ಕಂಡು ಜನ ನಗಲು ಬಾಯಿ ತೆಗೆದವರು ನಿಂಗಪ್ಪನ ಮುಖ ನೋಡಿ ಹಾಗೇ ತಡೆದರು. ಕಾಡಪ್ಪ ಕೈಕಟ್ಟಿ ಪಕ್ಕದಲ್ಲಿ ನಿಂತಿದ್ದ, ಮೀಸೆ ನೋಡುವ ಧೈರ್ಯವಿಲ್ಲದೆ ತಟ್ಟೆಯನ್ನೇ ನೋಡುತ್ತಿದ್ದ. ನಿಂಗಪ್ಪ ಗೊಂಬೆಯನ್ನು ಮೇಲಿನಿಂದ ಕೆಳಗಿನ ತನಕ ನೋಡಿದ. ಬೋಲ್ಟುಗಳನ್ನೂ ನೋಡಿದ. ಹಣೆ ಎಲ್ಲೂ ಸಿಗದೆ ವೈಸಿನ ಮೇಲ್ದವಡೆಗೆ ಕುಂಕುಮ ಇಟ್ಟ. ಆಮೇಲೆ ತಟ್ಟೆಯಿಂದ ಒಂದು ನಿಂಬೆಹಣ್ಣು ತೆಗೆದು, ಗಾಡಿಯ ಚಕ್ರದಡಿ ಇಡುವಷ್ಟೇ ಭಕ್ತಿಯಿಂದ, ತೆರೆದ ಬಾಯೊಳಗೆ ಇಟ್ಟ. ತಟ್ಟೆಯನ್ನು ಕಾಡಪ್ಪನ ಕೈಗೆ ಕೊಟ್ಟು ಹಿಡಿಕೆಗೆ ಕೈಹಾಕಿದ. ನಿಧಾನವಾಗಿ ತಿರುವಿದ. ಬಾಯಿ ಮುಚ್ಚುತ್ತ ಬಂತು, ನಿಂಬೆಹಣ್ಣು ಪಿಚ್ಚೆಂದು ಒಡೆದು ಗೊಂಬೆಯ ಗದ್ದದಿಂದ ರಸ ಇಳಿಯಿತು.

"ಈಗ ಬರೋಬ್ಬರಿ ಆತು ನೋಡು" ಅಂದ.

ಶೆಡ್ಡು ಬಿದ್ದು ಬಿದ್ದು ನಕ್ಕಿತು. ಕಾಡಪ್ಪ ತಟ್ಟೆ ಹಿಡಿದುಕೊಂಡೇ ತಲೆಯೆತ್ತಿದ. ಮೀಸೆಯ ಎಡತುದಿ ಅದುರುತ್ತಿತ್ತು, ಬಲತುದಿಯೂ. ಕಾಡಪ್ಪನ ಕಣ್ಣಲ್ಲಿ ನೀರು ಬಂತು. ನಿಂಬೆಯ ರಸ ಸಿಡಿಯಿತು ಎಂದು ಅಕ್ಕಪಕ್ಕದವರಿಗೆ ಹೇಳಿ ತೋಳಿನಿಂದ ಒರೆಸಿಕೊಂಡ.

ಮಧ್ಯಾಹ್ನ ಅವನು ಮೆಟ್ಟಿಲ ಮೇಲೆ ಡಬ್ಬಿ ಬಿಚ್ಚುವ ಹೊತ್ತಿಗೆ ಪಕ್ಕದಲ್ಲಿ ಯಾರೋ ಬಂದು ಕೂತರು. ಶೇಖವ್ವ ಏನು ಕಟ್ಟಿದ್ದಾಳೆಂದು ನಿಂಗಪ್ಪ ಕೇಳಿದ. ಹಬ್ಬವೆಂದು ಹೋಳಿಗೆ ಇತ್ತು, ಅದರ ಕೆಳಗೆ ಎಂದಿನಂತೆ ರೊಟ್ಟಿಯೂ ಇತ್ತು. ಕಾಡಪ್ಪ ರೊಟ್ಟಿಯನ್ನೇ ಎರಡು ತುಂಡು ಮಾಡಿ, ದೊಡ್ಡದು ಯಾವುದೆಂದು ನೋಡದೆ ಒಂದನ್ನು ಕೊಟ್ಟ. ಮಾರನೆಯ ದಿನ ಬೆಳಿಗ್ಗೆ ಇಬ್ಬರೂ ಎದುರುಬದುರು ಕೂತು ಬೋಲ್ಟು ಬಿಚ್ಚಿ ವೈಸನ್ನು ಅದರ ಬೆಂಚಿಗೆ ಕೂರಿಸಿದರು.